ಹಳೆಬಟ್ಟೆಯ ಗಂಟು ಮತ್ತು ಸಿದ್ದಿ ಖಾಲಾಳ ಪ್ರಶ್ನೆ

ರಮಝಾನ್ ಹತ್ತಿರ ಬಂತೆಂದರೆ ನಮ್ಮ ಮನೆಗಳಲ್ಲಿ ಎರಡು ಕೆಲಸಗಳು ಒಟ್ಟಿಗೆ ಆರಂಭವಾಗುತ್ತವೆ. ಒಂದು ಮನೆ ಶುಚಿ ಮಾಡುವುದು. ಇನ್ನೊಂದು ದಾನಧರ್ಮಕ್ಕೆ ತಯಾರಿ ನಡೆಸುವುದು. ಕಪಾಟು ಖಾಲಿ ಮಾಡುವಾಗ ಹೊರಬಿದ್ದ ಹಳೆ ಬಟ್ಟೆಯೇ ದಾನದ ಗಂಟಾಗುವುದರಿಂದ ಎಷ್ಟೋ ಮನೆಗಳಲ್ಲಿ ಈ ಎರಡು ಕೆಲಸಗಳು ಒಂದೇ ಆಗಿಬಿಡುತ್ತವೆ. ನಮ್ಮಲ್ಲೂ ಹಾಗೆಯೇ ಆಯಿತು.

ಬೆಂಗಳೂರಿನ ಗಾಂಧಿ ಬಜಾರಿನ ಹಿಂದಿನ ಬೀದಿಯ ಒಂದು ಮನೆಯಲ್ಲಿ ವಾರಕ್ಕೊಮ್ಮೆ ನಾವು ಹತ್ತು ಹನ್ನೆರಡು ಮಂದಿ ಮಹಿಳೆಯರು ಸೇರುತ್ತೇವೆ. ಸ್ವಲ್ಪ ಹೊತ್ತು ಕುರ್‌ಆನ್ ಅಧ್ಯಯನ, ಆಮೇಲೆ ಚಹಾ, ಆಮೇಲೆ ಮನೆಯ ಸುಖದುಃಖ. ಕಳೆದ ರಮಝಾನ್‌ಗೆ ಒಂದು ತಿಂಗಳಿರುವಾಗ ಎಲ್ಲರೂ ಬಟ್ಟೆ ಸಂಗ್ರಹಿಸಿ ಬಡವರಿಗೆ ಕೊಡುವುದೆಂದು ತೀರ್ಮಾನವಾಯಿತು. ಯಾವ ಬಡವರಿಗೆ ಎಂಬ ಪ್ರಶ್ನೆ ಬಂದಾಗ ನಾನೇ ಬಾಯಿಬಿಟ್ಟೆ. ನನ್ನ ತವರು ಹಳಿಯಾಳ. ಅಲ್ಲಿಯ ಕಾಡಂಚಿನಲ್ಲಿ ಸಿದ್ದಿಗಳ ಕೇರಿಗಳಿವೆ. "ಅವರಿಗಿಂತ ಬಡವರು ಯಾರಿದ್ದಾರೆ?" ಎಂದೆ. ಎಲ್ಲರೂ ಒಪ್ಪಿದರು.

ಮೂರು ದೊಡ್ಡ ಗಂಟುಗಳಾದವು. ರಾತ್ರಿ ಬಸ್ಸಿಗೆ ಹಾಕಿಕೊಂಡು ಹೋದೆ. ಮರುದಿನ ಭಾಯಿಜಾನ್ ತನ್ನ ವಾಹನದಲ್ಲಿ ನನ್ನನ್ನೂ ಗಂಟುಗಳನ್ನೂ ಒಂದು ಸಿದ್ದಿ ಕೇರಿಗೆ ಮುಟ್ಟಿಸಿದರು. ಅಲ್ಲಿ ಒಬ್ಬ ವೃದ್ಧ ಖಾಲಾ ನಮ್ಮನ್ನು ಜಗಲಿಯ ಮೇಲೆ ಕೂರಿಸಿ, ಹಾಲಿಲ್ಲದ ಬೆಲ್ಲದ ಚಹಾ ಕೊಟ್ಟರು. ಗಂಟುಗಳನ್ನು ಬಿಚ್ಚಿದಾಗ ನನ್ನ ಮುಖ ಸಣ್ಣಗಾಯಿತು. ಹುಕ್ಕಿಲ್ಲದ ರವಿಕೆಗಳು, ಬಣ್ಣ ಬಿಟ್ಟ ಚೂಡಿದಾರಗಳು, ಯಾವುದೋ ಶಾಲೆಯ ಟೈ, ಮದುವೆ ಮನೆಗೆ ಹಾಕುವ ಮಿಂಚುವ ಲಂಗ. ಕಟ್ಟುವಾಗ ಇವನ್ನು ಯಾರೂ ನೋಡಿರಲಿಲ್ಲ. ನಾನೂ ನೋಡಿರಲಿಲ್ಲ.

ಖಾಲಾ ಒಂದು ಮಾತೂ ಆಡಲಿಲ್ಲ. ನಿಧಾನವಾಗಿ ಎರಡು ಗುಡ್ಡೆ ಮಾಡಿದರು. ಹತ್ತಿಯ ಸೀರೆ, ಹತ್ತಿಯ ದುಪ್ಪಟ್ಟಾ ಒಂದು ಕಡೆ. ಉಳಿದದ್ದೆಲ್ಲ ಇನ್ನೊಂದು ಕಡೆ. ಹತ್ತಿಯ ಗುಡ್ಡೆ ತೀರಾ ಸಣ್ಣದಿತ್ತು. "ಇವು ಕೌದಿಗೆ ಆಗತಾವ ಬೇಟಿ" ಎಂದರು. "ಮತ್ತೆ ಉಳಿದವು?" ಎಂದು ಕೇಳಿದೆ. ಅವರ ಮೊಮ್ಮಗಳು ನಕ್ಕು ಎದುರಿನ ಗದ್ದೆಯ ಕಡೆ ಕೈ ತೋರಿಸಿದಳು. ಅಲ್ಲಿ ಹಕ್ಕಿ ಓಡಿಸಲು ನಿಲ್ಲಿಸಿದ್ದ ಬೆದರುಬೊಂಬೆಗೆ ಯಾರೋ ದಾನಿಗಳು ಹಿಂದಿನ ವರ್ಷ ಕೊಟ್ಟಿದ್ದ ಕೋಟು ತೊಡಿಸಲಾಗಿತ್ತು.

ಆಮೇಲೆ ಖಾಲಾ ಒಳಗಿನಿಂದ ಒಂದು ಕೌದಿ ತಂದು ನನ್ನ ಮಡಿಲಲ್ಲಿ ಹರಡಿದರು. ಕೆಂಪು, ಹಳದಿ, ನೀಲಿ ತುಂಡುಗಳು. ಒತ್ತೊತ್ತಾದ ದಪ್ಪ ಹೊಲಿಗೆ. ನಾಲ್ಕು ಮೂಲೆಯಲ್ಲೂ ಮಡಚಿದ ಬಟ್ಟೆಯ ಪುಟ್ಟ ಹೂ. ನಡುವೆ ಒಂದು ಬಾಲಚಂದ್ರ. ನಾನು "ಮಾಶಾ ಅಲ್ಲಾಹ್" ಎಂದೆ. ಆಗ ಅವರು ಕೇಳಿದರು: "ಇದಕ್ಕ ನಿಮ್ಮ ಬೆಂಗಳೂರಾಗ ಎಷ್ಟ ರೊಕ್ಕ ಕೊಡ್ತಾರ ಬೇಟಿ?"

ನನ್ನ ಬಳಿ ಉತ್ತರವಿರಲಿಲ್ಲ. ಬಟ್ಟೆ ಕೊಡಲು ಹೋದವಳು ಒಂದು ಪ್ರಶ್ನೆಯನ್ನು ಹೊತ್ತು ಮರಳಿದೆ. ಈ ಲೇಖನ ಆ ಪ್ರಶ್ನೆಯ ಕುರಿತಾಗಿದೆ.

ಯಾರು ಈ ಸಿದ್ದಿಗಳು?

ಆಫ್ರಿಕಾದ ಹಳ್ಳಿಗಳ ಬಡತನದ ಚಿತ್ರಗಳನ್ನು ನಾವು ಟಿ.ವಿ.ಯಲ್ಲಿ ನೋಡಿ ಮರುಗುತ್ತೇವೆ. ಆದರೆ ಆಫ್ರಿಕಾ ಮೂಲದ ಹಳ್ಳಿಗರು ನಮ್ಮದೇ ರಾಜ್ಯದಲ್ಲಿ, ನಮ್ಮದೇ ಭಾಷೆಗಳನ್ನಾಡುತ್ತಾ ಬದುಕುತ್ತಿದ್ದಾರೆ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿಲ್ಲ. ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ, ಜೋಯಿಡಾ, ಶಿರಸಿ ಭಾಗಗಳಲ್ಲಿ, ಧಾರವಾಡದ ಕಲಘಟಗಿ ಹಾಗೂ ಬೆಳಗಾವಿಯ ಖಾನಾಪುರದ ಕಡೆ ಸಿದ್ದಿಗಳಿದ್ದಾರೆ. 2011ರ ಜನಗಣತಿಯಂತೆ ರಾಜ್ಯದಲ್ಲಿ ಅವರ ಸಂಖ್ಯೆ ಸುಮಾರು ಹತ್ತು ಸಾವಿರ. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಧರ್ಮ ಮೂರಾದರೂ ಸಿದ್ದಿ ಎಂಬ ಬಾಂಧವ್ಯ ಒಂದೇ.

ಇವರ ಪೂರ್ವಜರಲ್ಲಿ ಬಹುಪಾಲು ಜನ ತಾವಾಗಿ ಬಂದವರಲ್ಲ. ಅವರನ್ನು ಹಿಡಿದು ತರಲಾಯಿತು. ಪೂರ್ವ ಆಫ್ರಿಕಾದ ಕರಾವಳಿಯಿಂದ ಅರಬ್ ವ್ಯಾಪಾರಿಗಳೂ, 16ನೇ ಶತಮಾನದಿಂದೀಚೆಗೆ ಪೋರ್ಚುಗೀಸರೂ ಹಡಗುಗಳಲ್ಲಿ ಗುಲಾಮರನ್ನು ತಂದು ಮಾರಿದರು. ಗೋವಾದ ಯಜಮಾನರ ಕೈಯಿಂದ ತಪ್ಪಿಸಿಕೊಂಡವರು, ಬಿಡುಗಡೆಯಾದವರು ಸಹ್ಯಾದ್ರಿಯ ದಟ್ಟ ಕಾಡುಗಳಲ್ಲಿ ಆಶ್ರಯ ಪಡೆದರು. ಗುಲಾಮರನ್ನು ಮಾರಿದವರಲ್ಲಿ ಮುಸ್ಲಿಂ ಹೆಸರಿನವರೂ ಇದ್ದರು ಎಂಬ ಸತ್ಯವನ್ನು ನಾವು ಮುಚ್ಚಿಡಬೇಕಾಗಿಲ್ಲ. ಬ್ರಿಟಿಷ್ ಆಳ್ವಿಕೆಯ ಭಾರತದಲ್ಲಿ 1843ರ ಕಾಯ್ದೆಯೊಂದಿಗೆ ಗುಲಾಮಗಿರಿಗಿದ್ದ ಕಾನೂನಿನ ಬೆಂಬಲ ಹೋಯಿತು.

ಎಲ್ಲ ಹಬ್ಶಿಗಳೂ ಕಾಡಿನಲ್ಲೇ ಉಳಿದರು ಎಂದಲ್ಲ. 1548ರ ಸುಮಾರಿಗೆ ಇಥಿಯೋಪಿಯಾದಲ್ಲಿ ಹುಟ್ಟಿ, ಹಲವು ಬಾರಿ ಮಾರಾಟವಾದ ಬಾಲಕ ಮುಂದೆ ಮಲಿಕ್ ಅಂಬರ್ ಆಗಿ ಅಹ್ಮದ್‌ನಗರ ರಾಜ್ಯದ ಚುಕ್ಕಾಣಿ ಹಿಡಿದರು. 1626ರಲ್ಲಿ ತೀರಿಕೊಳ್ಳುವವರೆಗೂ ಮೊಗಲರ ಸೇನೆಯನ್ನು ತಡೆದರು. ಮುಂದೆ ಔರಂಗಾಬಾದ್ ಎನಿಸಿದ ನಗರಕ್ಕೆ ಬೆಟ್ಟಗಳಿಂದ ನೆಲದಡಿಯ ಕಾಲುವೆಗಳಲ್ಲಿ ಕುಡಿಯುವ ನೀರು ತಂದ 'ನೆಹರೆ ಅಂಬರಿ' ಅವರದೇ ಯೋಜನೆ. ನಮ್ಮ ಬಿಜಾಪುರದ ಆದಿಲ್‌ಶಾಹಿ ದರ್ಬಾರಿನಲ್ಲಿ ಇಖ್ಲಾಸ್ ಖಾನ್ ಎಂಬ ಹಬ್ಶಿ ಮಂತ್ರಿಯಿದ್ದರು. ಅವಕಾಶ ಸಿಕ್ಕಲ್ಲಿ ಇವರು ಏನಾಗಬಲ್ಲರು ಎಂಬುದಕ್ಕೆ ಇಷ್ಟು ಸಾಕ್ಷಿ ಸಾಕು.

ಕಾಡಿಗೆ ಹೋದವರಿಗೆ ಆ ಅವಕಾಶ ಸಿಗಲಿಲ್ಲ. ಕಾಡು ಕಡಿದು ಬೇಸಾಯ ಮಾಡುವುದು ಸರಕಾರದ ಅರಣ್ಯ ನಿಯಮಗಳಿಂದಾಗಿ ನಿಂತುಹೋಯಿತು. ಭೂಮಿ ಇದ್ದರೂ ಪತ್ರವಿರಲಿಲ್ಲ. ತೋಟ ಗದ್ದೆಗಳ ಒಡೆಯರ ಬಳಿ ಸಾಲ ಮಾಡಿ, ಆ ಸಾಲಕ್ಕೆ ದುಡಿದು, ಮಕ್ಕಳನ್ನೂ ದುಡಿಸಿ ಬದುಕಿದರು. 1976ರಲ್ಲಿ ಜೀತ ನಿರ್ಮೂಲನ ಕಾಯ್ದೆ ಬಂದ ಮೇಲೂ ಹಳ್ಳಿಗಳಲ್ಲಿ ಆ ಅಭ್ಯಾಸ ಒಂದೇ ದಿನಕ್ಕೆ ಹೋಗಲಿಲ್ಲ.

ನನ್ನ ಬಾಲ್ಯದ ಒಂದು ನೆನಪು ಹೇಳಲೇಬೇಕು. ನಮ್ಮ ಮನೆಗೆ ಕಟ್ಟಿಗೆ ತರುತ್ತಿದ್ದ ಸಿದ್ದಿ ಹೆಂಗಸಿಗೆ ದಾದಿ ಎಂದೂ ಬರಿಗೈಯಲ್ಲಿ ಹೋಗಲು ಬಿಡುತ್ತಿರಲಿಲ್ಲ. ಅನ್ನ, ಸಾರು, ಹಳೆ ಸೀರೆ ಎಲ್ಲ ಕೊಡುತ್ತಿದ್ದರು. ಆದರೆ ಆಕೆಯ ಚಹಾ ಲೋಟ ಮಾತ್ರ ಹಿತ್ತಲ ಗೋಡೆಯ ಮೇಲೆ ಬೇರೆಯಾಗಿ ಇರುತ್ತಿತ್ತು. ಆಕೆಯೂ ನಮ್ಮಂತೆ ಕಲಿಮಾ ಹೇಳುವವಳೇ. ಉದಾರತೆ ಮತ್ತು ಆ ಬೇರೆ ಲೋಟ ಒಂದೇ ಮನೆಯಲ್ಲಿ ಇರಲು ಸಾಧ್ಯ ಎಂಬುದು ನನಗೆ ಅರ್ಥವಾಗಲು ಹಲವು ವರ್ಷಗಳು ಬೇಕಾದವು.

ನಮ್ಮ ಮೇಲಿರುವ ಋಣ

ಮದ್ರಸಾದಲ್ಲಿ ನಾನು ಹೆಣ್ಣುಮಕ್ಕಳಿಗೆ ಸೀರತ್ ಪಾಠ ಮಾಡುವಾಗ ಹಬ್ಶಾದ ಹೆಸರು ಮತ್ತೆ ಮತ್ತೆ ಬರುತ್ತದೆ. ಮಕ್ಕಾದ ಹಿಂಸೆ ತಾಳಲಾರದೆ ಕ್ರಿ.ಶ. 615ರ ಸುಮಾರಿಗೆ ಮುಸ್ಲಿಮರ ಮೊದಲ ಗುಂಪು ಹಿಜ್‌ರತ್ ಹೋದದ್ದು ಆಫ್ರಿಕಾದ ನೆಲಕ್ಕೆ. ಕುರೈಶರು ಕಾಣಿಕೆಗಳೊಂದಿಗೆ ಬಂದು ಅವರನ್ನು ಒಪ್ಪಿಸಿಬಿಡುವಂತೆ ಕೇಳಿದಾಗ, ಅಲ್ಲಿಯ ರಾಜ ನಜ್ಜಾಶಿ ಆ ಕಾಣಿಕೆ ಹಿಂತಿರುಗಿಸಿ ನಿರಾಶ್ರಿತರನ್ನು ಕಾಪಾಡಿದ. ತಾಯಿಯನ್ನು ಕಳೆದುಕೊಂಡ ಪುಟ್ಟ ಮುಹಮ್ಮದರನ್ನು(ಸ) ಕೈಹಿಡಿದು ಮಕ್ಕಾಕ್ಕೆ ಕರೆತಂದು ಸಾಕಿದ ಉಮ್ಮು ಐಮನ್(ರ) ಹಬ್ಶಾದ ಮಹಿಳೆ. ಅವರನ್ನು ತನ್ನ ತಾಯಿಯ ನಂತರದ ತಾಯಿ ಎಂದು ಪ್ರವಾದಿವರ್ಯರು(ಸ) ಗೌರವಿಸುತ್ತಿದ್ದರು. ಬಿಲಾಲ್(ರ) ಅವರ ಕತೆಯಂತೂ ಪ್ರತಿ ಮಗುವಿಗೂ ಗೊತ್ತು. ಅಬೂಬಕರ್(ರ) ಅವರನ್ನು ಬೆಲೆ ಕೊಟ್ಟು ಬಿಡಿಸಿದರು.

ಝಕಾತ್‌ನ ಎಂಟು ಬಾಬುಗಳನ್ನು ಕುರ್‌ಆನಿನ ಅತ್ತೌಬ ಅಧ್ಯಾಯ ಎಣಿಸುತ್ತದೆ. ಬಡವರು, ನಿರ್ಗತಿಕರು, ಸಾಲದಲ್ಲಿ ಮುಳುಗಿದವರ ಜೊತೆಯಲ್ಲೇ ಗುಲಾಮರ ಕೊರಳು ಬಿಡಿಸುವುದೂ ಒಂದು ಬಾಬು. ಪಾಠ ಮಾಡುವಾಗ "ಈ ಬಾಬು ಈಗ ಇಲ್ಲ" ಎಂದು ಹೇಳಿ ನಾನು ಮುಂದೆ ಹೋಗುತ್ತಿದ್ದೆ. ಬಿಡುಗಡೆಯಾದ ಗುಲಾಮನ ಮೊಮ್ಮಕ್ಕಳು ಇನ್ನೂ ಕೂಲಿ ಸಾಲದಲ್ಲೇ ಇದ್ದರೆ ಆ ಕೊರಳು ಪೂರ್ತಿ ಬಿಡುಗಡೆಯಾಯಿತೇ ಎಂದು ಈಗ ಯೋಚಿಸುತ್ತೇನೆ.

ಕಂಬಳಿ ಮಾರಿ ಕೊಡಲಿ ಕೊಂಡ ಕತೆ

ಅಬೂದಾವೂದ್ ಸಂಗ್ರಹದಲ್ಲಿರುವ ಒಂದು ಹದೀಸ್ ಓದುಗ ಸಹೋದರಿಯರಿಗೆ ನೆನಪಿರಬಹುದು. ಅನ್ಸಾರಿಗಳ ಪೈಕಿ ಒಬ್ಬರು ಪ್ರವಾದಿವರ್ಯರಲ್ಲಿಗೆ(ಸ) ಸಹಾಯ ಕೇಳಿಕೊಂಡು ಬಂದರು. ಮನೆಯಲ್ಲಿ ಏನೂ ಇಲ್ಲವೇ ಎಂದು ಅವರು ವಿಚಾರಿಸಿದರು. ಅರ್ಧ ಹೊದೆದು ಅರ್ಧ ಹಾಸುವ ಒಂದು ದಪ್ಪ ಹೊದಿಕೆ, ನೀರು ಕುಡಿಯುವ ಒಂದು ಪಾತ್ರೆ, ಇಷ್ಟೇ ಇತ್ತು. ಅವೆರಡನ್ನೂ ತರಿಸಿ, ಎಲ್ಲರೆದುರು ಹರಾಜು ಕೂಗಿ, ಮೊದಲು ಬಂದ ಒಂದು ದಿರ್‌ಹಮಿನ ಬೆಲೆಗೆ ಕೊಡದೆ, ಇನ್ನೂ ಹೆಚ್ಚು ಕೊಡುವವರಿದ್ದಾರೆಯೇ ಎಂದು ಮತ್ತೆ ಕೇಳಿ, ಎರಡು ದಿರ್‌ಹಮಿಗೆ ಮಾರಿದರು. ಒಂದರಿಂದ ಮನೆಗೆ ಆಹಾರ, ಇನ್ನೊಂದರಿಂದ ಕೊಡಲಿಯ ಅಲಗು. ಆ ಅಲಗಿಗೆ ತಮ್ಮ ಕೈಯಾರೆ ಕಾವು ಸೇರಿಸಿ ಕಟ್ಟಿಗೆ ತರಲು ಕಳಿಸಿದರು. ಹದಿನೈದು ದಿನಗಳಲ್ಲಿ ಆತ ಹತ್ತು ದಿರ್‌ಹಮ್ ಗಳಿಸಿದ್ದರು.

ಈ ಹದೀಸನ್ನು ಭಿಕ್ಷೆ ಬೇಡಬಾರದು ಎಂದು ಬಡವರಿಗೆ ಬುದ್ಧಿ ಹೇಳಲು ನಾವು ಬಳಸುತ್ತೇವೆ. ಆದರೆ ಅದರಲ್ಲಿ ಕೊಡುವವರಿಗೆ ಇರುವ ಪಾಠವೇ ಹೆಚ್ಚು. ಪ್ರವಾದಿವರ್ಯರು(ಸ) ಮೊದಲು ಆತನಲ್ಲಿ ಏನಿದೆ ಎಂದು ಕೇಳಿದರು. ಅದಕ್ಕೆ ಇನ್ನೂ ಒಳ್ಳೆಯ ಬೆಲೆ ಕೂಗಿಸಿದರು. ಹಸಿವಿಗೆ ಮೊದಲು ಊಟ, ಆಮೇಲೆ ಉಪಕರಣ ಎಂದು ಕ್ರಮ ಹಾಕಿದರು. ಕೊನೆಗೆ ತಾವೇ ಕೈ ಹಾಕಿ ಕೆಲಸ ಮಾಡಿದರು. ಕಸುಬು ಬಲ್ಲ ಬಡವನಿಗೆ ಝಕಾತ್‌ನಿಂದ ಅವನ ಉಪಕರಣದ ಬೆಲೆಯನ್ನೇ ಕೊಟ್ಟು ಸ್ವಾವಲಂಬಿಯಾಗಿಸಬೇಕೆಂದು ಶಾಫಿಈ ಮದ್‌ಹಬ್‌ನ ಇಮಾಮ್ ನವವಿ(ರ) ತಿಳಿಸಿದ್ದಾರೆ. ಹುಕ್ಕಿಲ್ಲದ ರವಿಕೆ ಈ ಯಾವ ಲೆಕ್ಕದಲ್ಲೂ ಬರುವುದಿಲ್ಲ.

ಗಾಂಧಿ ಬಜಾರಿನಲ್ಲಿ ಕೌದಿಯ ಬೆಲೆ

ಖಾಲಾ ಕೊಟ್ಟ ಕೌದಿಯನ್ನು ಬೆಂಗಳೂರಿಗೆ ತಂದೆ. ಒಂದು ಸಂಜೆ ಅದನ್ನು ಚೀಲದಲ್ಲಿಟ್ಟುಕೊಂಡು ಗಾಂಧಿ ಬಜಾರಿಗೆ ಹೋದೆ. ಹೂವಿನ ಸಾಲು, ಹಣ್ಣಿನ ಸಾಲು ದಾಟಿ ಹೊದಿಕೆ, ಹಾಸಿಗೆ ಮಾರುವ ಒಂದು ಅಂಗಡಿಯಲ್ಲಿ ಬಿಚ್ಚಿ ತೋರಿಸಿದೆ. ಅಂಗಡಿಯವರು ಒಳ್ಳೆಯ ಮನುಷ್ಯರೇ. ಎರಡೂ ಕಡೆ ತಿರುಗಿಸಿ ನೋಡಿ, "ಕೆಲಸ ಚೆನ್ನಾಗಿದೆ ಮೇಡಂ. ಆದ್ರೆ ಹಳೆ ಬಟ್ಟೆ ಅಲ್ವಾ? ಆರುನೂರು ಕೊಡಬಹುದು" ಎಂದರು.

ಮನೆಗೆ ಬಂದು ಲೆಕ್ಕ ಹಾಕಿದೆ. ಈ ಕೌದಿಗೆ ನಲವತ್ತೈದು ದಿನ ಹಿಡಿಯಿತೆಂದು ಖಾಲಾ ಹೇಳಿದ್ದರು. ಬೆಳಿಗ್ಗೆ ಕೂಲಿ, ಮಧ್ಯಾಹ್ನದ ಮೇಲೆ ಹೊಲಿಗೆ. ಆರುನೂರನ್ನು ನಲವತ್ತೈದರಿಂದ ಭಾಗಿಸಿದರೆ ಒಂದು ಮಧ್ಯಾಹ್ನಕ್ಕೆ ಹದಿಮೂರು ರೂಪಾಯಿ. ಉದ್ಯೋಗ ಖಾತರಿಯಲ್ಲಿ ಕರ್ನಾಟಕಕ್ಕೆ 2025-26ನೇ ಸಾಲಿಗೆ ನಿಗದಿಯಾದ ಕೂಲಿ ದಿನಕ್ಕೆ 370 ರೂಪಾಯಿ. ಅರ್ಧ ದಿನಕ್ಕೆ 185. ಅದೇ ಲೆಕ್ಕದಲ್ಲಿ ಕೌದಿಯ ಕೂಲಿಯೇ ಎಂಟು ಸಾವಿರ ದಾಟುತ್ತದೆ.

ಮುಂದಿನ ವಾರ ನಮ್ಮ ಗುಂಪಿನಲ್ಲಿ ಈ ಲೆಕ್ಕ ಓದಿದೆ. ಯಾರೂ ಮಾತಾಡಲಿಲ್ಲ. ಕೊನೆಗೆ ಒಬ್ಬ ಆಪಾ, "ಎಂಟು ಸಾವಿರಕ್ಕೆ ಅಂಗಡಿಯಲ್ಲಿ ನಾಲ್ಕು ರಜಾಯಿ ಬರುತ್ತೆ" ಎಂದರು. ಅದು ಸುಳ್ಳಲ್ಲ. ಆದರೆ ಅದೇ ಆಪಾ ರಮಝಾನ್‌ನಲ್ಲಿ ಹತ್ತು ಸಾವಿರ ಸದಕಾ ಕೊಡುವವರು. ನಾವು ಕೊಡುವಾಗ ಕೈ ಬಿಚ್ಚುತ್ತೇವೆ, ಕೊಳ್ಳುವಾಗ ಮುಷ್ಟಿ ಕಟ್ಟುತ್ತೇವೆ. ಮಸೀದಿಯ ಡಬ್ಬಿಗೆ ನೂರು ರೂಪಾಯಿ ಹಾಕಿ ಬಂದು, ಗಾಂಧಿ ಬಜಾರಿನ ಫುಟ್‌ಪಾತಿನಲ್ಲಿ ಸೊಪ್ಪು ಮಾರುವ ಅಜ್ಜಿಯ ಬಳಿ ಐದು ರೂಪಾಯಿಗೆ ಚೌಕಾಶಿ ಮಾಡುವವಳು ನಾನೂ ಹೌದು. ದುಡಿದವರ ಬೆವರು ಆರುವ ಮುನ್ನ ಕೂಲಿ ಕೊಡಿ ಎಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಬೇಗ ಕೊಡಬೇಕಾದ ಆ ಕೂಲಿ ಮೊದಲು ನ್ಯಾಯದ ಕೂಲಿಯೂ ಆಗಿರಬೇಡವೇ?

ಗಂಟುಗಳ ಇನ್ನೊಂದು ಕತೆ

ನಮ್ಮ ಗಂಟಿನ ಕತೆಯೇ ಆಫ್ರಿಕಾದಲ್ಲಿ ದೊಡ್ಡದಾಗಿ ನಡೆದಿದೆ. ಶ್ರೀಮಂತ ದೇಶಗಳ ಜನರು ದಾನದ ಡಬ್ಬಿಗಳಿಗೆ ಹಾಕಿದ ಹಳೆ ಬಟ್ಟೆಗಳಲ್ಲಿ ಬಹಳಷ್ಟು ವ್ಯಾಪಾರಿಗಳ ಕೈ ಸೇರಿ, ಮೂಟೆ ಮೂಟೆಯಾಗಿ ಆಫ್ರಿಕಾಕ್ಕೆ ಹೋಗಿ ಮಾರಾಟವಾಗುತ್ತದೆ. ಕೀನ್ಯಾ, ತಾಂಜಾನಿಯಾಗಳಲ್ಲಿ ಅದನ್ನು 'ಮಿತುಂಬಾ' ಎನ್ನುತ್ತಾರೆ. ಸ್ವಾಹಿಲಿ ಭಾಷೆಯಲ್ಲಿ ಆ ಮಾತಿಗೆ ಗಂಟುಗಳು ಎಂದೇ ಅರ್ಥ. ಘಾನಾ ದೇಶದಲ್ಲಿ ಅದಕ್ಕೆ ಸತ್ತ ಬಿಳಿಯರ ಬಟ್ಟೆ ಎಂಬ ಹೆಸರಿದೆ. ಇಷ್ಟು ಒಳ್ಳೆಯ ಬಟ್ಟೆಯನ್ನು ಬದುಕಿರುವವರು ಬಿಸಾಡಲಾರರು ಎಂದು ಮೊದಮೊದಲು ಅಲ್ಲಿಯವರು ಭಾವಿಸಿದ್ದರಂತೆ.

ಅಗ್ಗದ ಮಿತುಂಬಾದಿಂದ ಬಡವರಿಗೆ ಬಟ್ಟೆ ಸಿಕ್ಕಿತು, ಮಾರುವ ಸಾವಿರಾರು ಜನರಿಗೆ ಹೊಟ್ಟೆಪಾಡೂ ಆಯಿತು. ಆದರೆ ಅಲ್ಲಿಯದೇ ನೇಯ್ಗೆ, ಹೊಲಿಗೆಯ ಉದ್ಯಮಗಳು ಅದರ ಎದುರು ನಿಲ್ಲಲಾರದೆ ಸೊರಗಿದವು. 2016ರಲ್ಲಿ ಪೂರ್ವ ಆಫ್ರಿಕಾದ ದೇಶಗಳು 2019ರೊಳಗೆ ಹಳೆ ಬಟ್ಟೆಯ ಆಮದನ್ನು ನಿಲ್ಲಿಸಲು ತೀರ್ಮಾನಿಸಿದವು. ಅಮೆರಿಕದ ವ್ಯಾಪಾರಿಗಳು ದೂರು ಕೊಟ್ಟರು. ಒತ್ತಡಕ್ಕೆ ಉಳಿದ ದೇಶಗಳು ಹಿಂದೆ ಸರಿದರೂ ಪುಟ್ಟ ರುವಾಂಡ ಹೆಚ್ಚಿನ ತೆರಿಗೆಯನ್ನು ಇಳಿಸಲಿಲ್ಲ. ಅದರ ಉಡುಪುಗಳಿಗೆ ಇದ್ದ ಸುಂಕದ ರಿಯಾಯಿತಿಯನ್ನು 2018ರಲ್ಲಿ ಅಮೆರಿಕ ತಡೆಹಿಡಿಯಿತು.

ಹಾಗಾದರೆ ಹೇಗೆ ಕೊಡಬೇಕು? ಕೀನ್ಯಾದ ಹಳ್ಳಿಗಳಲ್ಲಿ 'ಗಿವ್ ಡೈರೆಕ್ಟ್‌ಲಿ' ಎಂಬ ಸಂಸ್ಥೆ ಬಡ ಕುಟುಂಬಗಳಿಗೆ ಮೊಬೈಲ್ ಫೋನ್ ಮೂಲಕ ನೇರವಾಗಿ ಹಣ ಕಳಿಸಿತು. ನಮ್ಮ ಗುಂಪಿನಲ್ಲಿ ಕೇಳಿಬಂದ ಆಕ್ಷೇಪವೇ ಅಲ್ಲಿಯೂ ಇತ್ತು: "ದುಡ್ಡು ಕೊಟ್ಟರೆ ಕುಡಿದು ಹಾಳುಮಾಡುತ್ತಾರೆ." 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮದ್ಯ, ತಂಬಾಕಿನ ಖರ್ಚು ಹೆಚ್ಚಿದ್ದು ಕಂಡುಬರಲಿಲ್ಲ. ಜನರು ಊಟ ಸುಧಾರಿಸಿಕೊಂಡರು, ಜಾನುವಾರು ಕೊಂಡರು, ಹುಲ್ಲಿನ ಮಾಡಿಗೆ ತಗಡು ಹಾಕಿಸಿದರು. ಸಿಯಾಯಾ ಪ್ರದೇಶದಲ್ಲಿ 10,500ಕ್ಕೂ ಹೆಚ್ಚು ಕುಟುಂಬಗಳಿಗೆ ತಲಾ ಸುಮಾರು ಸಾವಿರ ಡಾಲರ್ ಕೊಟ್ಟಾಗ, ಹಣ ಪಡೆಯದ ನೆರೆಯವರ ಆದಾಯವೂ ಏರಿತು. ಬಡವನ ಕೈಗೆ ಬಂದ ಹಣ ಅದೇ ಹಳ್ಳಿಯ ಅಂಗಡಿ, ಬಡಗಿ, ಕೂಲಿಕಾರರ ಕೈಗೆ ದಾಟಿತ್ತು. ತನ್ನ ಮನೆಗೆ ಏನು ಬೇಕೆಂದು ಬಡ ತಾಯಿಗೆ ನಮಗಿಂತ ಚೆನ್ನಾಗಿ ಗೊತ್ತು.

ಒಂದು ಕಾಗದದ ಬೆಲೆ

ಸಿದ್ದಿಗಳ ವಿಷಯದಲ್ಲಿ ದೊಡ್ಡ ಬದಲಾವಣೆ ತಂದದ್ದು ಯಾರ ದಾನವೂ ಅಲ್ಲ, ಒಂದು ಕಾಗದ. ಅವರ ಸಂಘಟನೆಗಳೂ, ಅವರ ನಡುವೆ ಕೆಲಸ ಮಾಡುತ್ತಿದ್ದ ವಿವಿಧ ಧರ್ಮಗಳ ಸೇವಾ ಸಂಸ್ಥೆಗಳೂ ವರ್ಷಗಟ್ಟಲೆ ಒತ್ತಾಯಿಸಿದ ಫಲವಾಗಿ 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿತು. ಹಾಸ್ಟೆಲ್, ವಿದ್ಯಾರ್ಥಿವೇತನ, ಮೀಸಲಾತಿಯ ಬಾಗಿಲು ತೆರೆಯಿತು. ಅದರ ಇನ್ನೊಂದು ಉಪಯೋಗ 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಕಂಡಿತು. ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲಿಂದ ಅರಣ್ಯ ಭೂಮಿಯಲ್ಲಿ ಬದುಕಿದ್ದನ್ನು ತೋರಿಸಿದರೆ ಹಕ್ಕುಪತ್ರ ಕೇಳಬಹುದು. ಪಂಗಡಕ್ಕೆ ಸೇರದ ಅರಣ್ಯವಾಸಿಗಳು ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸಕ್ಕೆ ಪುರಾವೆ ಕೊಡಬೇಕು.

ಧಾರವಾಡ, ಬೆಳಗಾವಿ ಜಿಲ್ಲೆಗಳ ಸಿದ್ದಿಗಳಿಗೆ ಅದೇ ಮಾನ್ಯತೆ ದೊರೆತದ್ದು 2020ರಲ್ಲಿ. ಅಲ್ಲಿಯತನಕ ಜಿಲ್ಲೆಯ ಗಡಿಯ ಈಚೆಗಿನ ತಂಗಿ ಪಂಗಡದವಳು, ಆಚೆಗೆ ಮದುವೆಯಾಗಿ ಹೋದ ಅಕ್ಕನ ಮಕ್ಕಳು ಪಂಗಡದವರಲ್ಲ! ಅದೇ ವರ್ಷ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡು, ಆ ಸಮುದಾಯದ ಮೊದಲ ಶಾಸಕರಾದರು.

ಆದರೆ ಕಾನೂನಿನಲ್ಲಿರುವ ಹಕ್ಕು ಮನೆಗೆ ತಲುಪಲು ಅರ್ಜಿ ಬರೆಯುವವರು ಬೇಕು. ಜಾತಿ ಪ್ರಮಾಣಪತ್ರ, ಆಧಾರ್, ಬ್ಯಾಂಕ್ ಖಾತೆ, ಇವುಗಳಲ್ಲಿ ಹೆಸರಿನ ಒಂದಕ್ಷರ ವ್ಯತ್ಯಾಸವಾದರೂ ವಿದ್ಯಾರ್ಥಿವೇತನ ನಿಂತುಹೋಗುತ್ತದೆ. ಖಾಲಾಳ ಮೊಮ್ಮಗಳದ್ದೂ ಹೀಗೆಯೇ ನಿಂತಿತ್ತು. ಅದಕ್ಕೆ ಬೇಕಾಗಿದ್ದದ್ದು ನಾವು ಹೊತ್ತೊಯ್ದ ಮೂರು ಗಂಟುಗಳಲ್ಲ. ಓದು ಬಲ್ಲ ಒಬ್ಬರ ಅರ್ಧ ದಿನ.

ಹೊಲಿಗೆಯಿಂದ ಎದ್ದು ನಿಂತವರು

ಸಿದ್ದಿ ಮಹಿಳೆಯರ ಕೌದಿಯನ್ನು ಹೊರಜಗತ್ತು ಗುರುತಿಸಿದೆ. ಇದನ್ನು ಅವರು ಕವಂದಿ ಎಂದೂ ಕರೆಯುತ್ತಾರೆ. ಒಂದು ಹಳೆ ಸೀರೆಯನ್ನು ಕೆಳಗೆ ಹಾಸಿ, ಮೂಲೆಯಿಂದ ಹೊಲಿಗೆ ಆರಂಭಿಸಿ, ಅಂಚಿನ ಸುತ್ತ ತುಂಡುಗಳನ್ನು ಜೋಡಿಸುತ್ತಾ ಸುತ್ತಿ ಸುತ್ತಿ ನಡುವಿಗೆ ಬರುತ್ತಾರೆ. ಮುಸ್ಲಿಂ ಮನೆಯ ಕೌದಿಯಲ್ಲಿ ಬಾಲಚಂದ್ರ, ಕ್ರೈಸ್ತರ ಮನೆಯದರಲ್ಲಿ ಶಿಲುಬೆ ಇರುವುದುಂಟು. ಮೂಲೆಯ ಹೂವನ್ನು ಫೂಲಾ ಎನ್ನುತ್ತಾರೆ. ಅದಿಲ್ಲದ ಕೌದಿ ಅವರ ಕಣ್ಣಿಗೆ ಬತ್ತಲೆಯಂತೆ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಮತ್ತು ಸಾರಾ ಖಾನ್ ಅವರ ನೆರವಿನಿಂದ 2004ರ ಸುಮಾರಿಗೆ ಸಿದ್ದಿ ಮಹಿಳೆಯರ ಕೌದಿ ಸಹಕಾರ ಸಂಘ ರೂಪುಗೊಂಡಿತು. ಅವರ ಕೌದಿಗಳು ಅಮೆರಿಕದಲ್ಲಿ ಪ್ರದರ್ಶನಗೊಂಡವು. ಅಲ್ಲಿಯ ಹೊಲಿಗೆಯ ಆಸಕ್ತರು ಇಂದು ಇದೇ ಶೈಲಿಯನ್ನು ಕಲಿಯುತ್ತಾರೆ, ಕಲಿಸುತ್ತಾರೆ. ನಮ್ಮ ಗಾಂಧಿ ಬಜಾರಿನಲ್ಲಿ ಅದು ಇನ್ನೂ ಹಳೆ ಬಟ್ಟೆ.

ಗುಜರಾತಿನ ಗೀರ್ ಕಾಡಿನ ಬಳಿಯ ಜಾಂಬೂರಿನಲ್ಲಿ ಸಿದ್ದಿ ಸಮುದಾಯದವರೇ ಆದ ಹೀರಾಬಾಯಿ ಲೋಬಿ ಎಂಬ ಮಹಿಳೆಯಿದ್ದಾರೆ. ಬಾಲ್ಯದಲ್ಲೇ ಹೆತ್ತವರನ್ನು ಕಳೆದುಕೊಂಡು ಅಜ್ಜಿಯ ಬಳಿ ಬೆಳೆದವರು. ಹೆಚ್ಚು ಓದಿದವರಲ್ಲ. ರೇಡಿಯೋದಲ್ಲಿ ಯೋಜನೆಗಳ ಬಗ್ಗೆ ಕೇಳಿ ತಿಳಿದುಕೊಂಡರು. ಸಿದ್ದಿ ಹೆಂಗಸರ ಮಂಡಳಿಗಳನ್ನು ಕಟ್ಟಿ, ಉಳಿತಾಯ ಕಲಿಸಿ, ಗೊಬ್ಬರ ತಯಾರಿಸಿ ಮಾರಿಸಿ, ಮಕ್ಕಳಿಗೆ ಬಾಲವಾಡಿ ತೆರೆದರು. 2023ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅವರನ್ನು ಮೇಲೆತ್ತಿದ್ದು ಹೊರಗಿನವರ ಗಂಟಲ್ಲ. ಹೊರಗಿನವರು ಕೊಟ್ಟ ಮಾಹಿತಿ, ತರಬೇತಿಯನ್ನು ಅವರೇ ತಮ್ಮ ಕೈಯ ಕೊಡಲಿ ಮಾಡಿಕೊಂಡರು.

ನಾವು ಮಾಡಿದ್ದು, ನೀವು ಮಾಡಬಹುದಾದದ್ದು

ನಾವು ಮಾಡಿದ್ದು ಬಹಳ ಸಣ್ಣದು. ದೊಡ್ಡ ಕೌದಿಯನ್ನು ಎಂಟು ಸಾವಿರಕ್ಕೆ ಕೊಳ್ಳುವ ಧೈರ್ಯ ನಮ್ಮಲ್ಲಿ ಒಬ್ಬರಿಗೆ ಮಾತ್ರ ಬಂತು. ರಜಾಯಿಯ ಲೆಕ್ಕ ಹೇಳಿದ ಆ ಆಪಾಗೇ! ಉಳಿದವರು ಸೇರಿ ತೊಟ್ಟಿಲ ಕೂಸಿಗೆ ಹೊದಿಸುವ ಸಣ್ಣ ಕೌದಿಗಳನ್ನು ಕೇಳಿದೆವು. ಒಂದಕ್ಕೆ ಎಂಟು ಮಧ್ಯಾಹ್ನ ಬೇಕೆಂದು ಖಾಲಾ ಫೋನಿನಲ್ಲಿ ಹೇಳಿದರು. ಅರ್ಧ ದಿನದ ಕೂಲಿಯ ಲೆಕ್ಕದಲ್ಲಿ 1,480 ಆಯಿತು. 1,500 ಕಳಿಸಿದೆವು. ಇಲ್ಲಿಯವರೆಗೆ ಹನ್ನೊಂದು ಕೌದಿಗಳು ಬಂದಿವೆ. ಅಕೀಕಾಗೆ ಉಡುಗೊರೆಯಾಗಿ ಕೊಡುತ್ತೇವೆ. ಗಾಂಧಿ ಬಜಾರಿನಲ್ಲಿ ಸೀರೆಗೆ ಫಾಲ್ ಹೊಲಿಯುವ ಒಬ್ಬ ಅಕ್ಕ, ನಮ್ಮ ಕತೆ ಕೇಳಿ, ಹತ್ತಿ ಬಟ್ಟೆಯ ತುಂಡುಗಳನ್ನು ಬೇರೆಯಾಗಿ ಎತ್ತಿಡುತ್ತಾರೆ. ಅವರು ನಮ್ಮ ಧರ್ಮದವರಲ್ಲ. ಕೌದಿ ಹೊಲಿಯುವವರಲ್ಲೂ ಎಲ್ಲರೂ ನಮ್ಮ ಧರ್ಮದವರಲ್ಲ. ಝಕಾತ್‌ನ ಹಂಚಿಕೆಗೆ ಅದರದೇ ನಿಯಮಗಳಿವೆ, ಅದನ್ನು ಬಲ್ಲವರಲ್ಲಿ ಕೇಳಿ ಕೊಡಬೇಕು. ಸದಕಾಕ್ಕೆ ಆ ಗೋಡೆಯಿಲ್ಲ. ನ್ಯಾಯವಾದ ಬೆಲೆ ಕೊಟ್ಟು ಕೊಳ್ಳಲು ಯಾರ ಫತ್ವಾವೂ ಬೇಡ.

ಮೊಮ್ಮಗಳ ಅರ್ಜಿಯನ್ನು ನನ್ನ ಒಬ್ಬ ವಿದ್ಯಾರ್ಥಿನಿ ಫೋನಿನಲ್ಲೇ ಕೂತು ಸರಿಪಡಿಸಿದಳು. ಮೂರು ಸಲ ತಿರಸ್ಕೃತವಾಗಿ ನಾಲ್ಕನೆಯ ಸಲ ಸ್ವೀಕೃತವಾಯಿತು.

ಪ್ರಿಯ ಸಹೋದರಿಯರೇ, ನಿಮ್ಮೂರಿನ ಸುತ್ತ ಸಿದ್ದಿಗಳು ಇಲ್ಲದಿರಬಹುದು. ಬೀಡಿ ಕಟ್ಟುವ, ಚಾಪೆ ಹೆಣೆಯುವ, ಅಗರಬತ್ತಿ ಹೊಸೆಯುವ ತಾಯಂದಿರು ಖಂಡಿತ ಇದ್ದಾರೆ. ಈ ರಮಝಾನ್‌ನಲ್ಲಿ ಗಂಟು ಕಟ್ಟುವ ಮೊದಲು ಅವರ ಜಗಲಿಯಲ್ಲಿ ಒಮ್ಮೆ ಕುಳಿತುಕೊಳ್ಳಿ. ನಿಮ್ಮಲ್ಲಿ ಏನಿದೆ, ಏನು ಬಲ್ಲಿರಿ, ಏನು ಕಡಿಮೆಯಾಗಿದೆ ಎಂದು ಕೇಳಿ. ಅವರು ಕೊಟ್ಟ ಚಹಾವನ್ನು ಅವರದೇ ಲೋಟದಲ್ಲಿ ಕುಡಿಯಿರಿ. ಬಟ್ಟೆ ಕೊಡುವುದೇ ಆದರೆ, ನಿಮ್ಮ ಮಗಳು ತೊಡಬಹುದಾದ ಬಟ್ಟೆಯನ್ನೇ ಕೊಡಿ.

ಕಳೆದ ತಿಂಗಳು ತವರಿಗೆ ಹೋದಾಗ ಮತ್ತೆ ಆ ಕೇರಿಗೆ ಹೋಗಿದ್ದೆ. ಕೈಯಲ್ಲಿ ಗಂಟಿರಲಿಲ್ಲ, ಸೂಜಿಯ ಪೊಟ್ಟಣ ಮತ್ತು ದಾರದ ಉಂಡೆಗಳಿದ್ದವು. ಖಾಲಾ ದಾರವನ್ನು ಜಗ್ಗಿ ನೋಡಿ, "ಇದು ಗಟ್ಟಿ ಐತಿ" ಎಂದರು. ಆಮೇಲೆ ನಕ್ಕು, ಮುಂದಿನ ಕೌದಿಗೆ ಬೆಲೆ ನೂರು ರೂಪಾಯಿ ಹೆಚ್ಚು ಎಂದರು. ನಾನು ಚೌಕಾಶಿ ಮಾಡಲಿಲ್ಲ.